ಸಿಹಿ-ಖಾರ ಎರಡೂ ಇರುವ ಎಗ್ ಬೇಕ್: ನನ್ನದು ಗೊಜ್ಜಾಯಿತು, ಯಾರಾದರೂ ದಾರಿ ಹೇಳಿ

ಹಿಮದೂರಿನವಳು:

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಮಿನೆಸೋಟಾದಲ್ಲಿ, ಮಿನಿಯಾಪೊಲಿಸ್ ಪಕ್ಕದ ಒಂದು ಊರು. ಬಂದು 6 ವರ್ಷ. ಹುಟ್ಟೂರು ಹಾಸನ. ಅಡುಗೆ ಬರುತ್ತದೆ, ಓವನ್ ಬರುವುದಿಲ್ಲ. ಇಷ್ಟು ವರ್ಷ ಅದರೊಳಗೆ ಬಾಣಲೆ, ಕಾವಲಿ ಜೋಡಿಸಿಟ್ಟುಕೊಂಡಿದ್ದೆ, ಅಷ್ಟೇ.

ಅಕ್ಟೋಬರ್ ಎರಡನೇ ಭಾನುವಾರ ನಮ್ಮ ಮನೆಯಲ್ಲಿ ಬ್ರಂಚ್. ಒಟ್ಟು ಹನ್ನೆರಡು ಜನ. ಕರೆದಿರುವುದು ಮುಖ್ಯವಾಗಿ ಪಕ್ಕದ ಮನೆಯ ಅಜ್ಜ-ಅಜ್ಜಿಯನ್ನು. ಹೋದ ಚಳಿಗಾಲ ನಮ್ಮವರು ಎರಡು ತಿಂಗಳು ಊರಿಗೆ ಹೋಗಿದ್ದರು. ನಾನು ಏಳುವ ಹೊತ್ತಿಗೆ ನಮ್ಮ ಡ್ರೈವ್‌ವೇ ಹಿಮ ತೆಗೆದಾಗಿರುತ್ತಿತ್ತು. ಕೇಳಿದ್ದೂ ಇಲ್ಲ, ಹೇಳಿದ್ದೂ ಇಲ್ಲ. ಅಜ್ಜನಿಗೆ 74 ವರ್ಷ. ಥ್ಯಾಂಕ್ಸ್ ಹೇಳಿದರೆ "ಮೆಷಿನ್ ಹೇಗೂ ಹೊರಗಿತ್ತು" ಅಂತಾರೆ.

ಅದೇ ಚಳಿಗಾಲದಲ್ಲಿ ಅಜ್ಜಿ ಒಂದು ದಿನ ಕರೆದು ತಿಂಡಿ ಕೊಟ್ಟರು. ಬ್ರೆಡ್ ತುಂಡು, ಮೊಟ್ಟೆ, ಹಾಲು, ಚೀಸ್, ಸೇಬು ಎಲ್ಲ ಸೇರಿಸಿ ಓವನ್‌ನಲ್ಲಿ ಬೇಯಿಸಿದ್ದು. ಅವರಿಗೆ ಸಾಸೇಜ್ ಹಾಕಿದ್ದು. ನಾನು ಮೊಟ್ಟೆ ತಿನ್ನುತ್ತೇನೆ, ಮಾಂಸ ಇಲ್ಲ. ಅದಕ್ಕೆ ನನಗೆ ಒಂದು ಪುಟ್ಟ ಬಟ್ಟಲಲ್ಲಿ ಬೇರೆ ಮಾಡಿದ್ದರು. ಮೇಲೆ ಬಿಸಿ ಮೇಪಲ್ ಸಿರಪ್, ಅಂದರೆ ಮೇಪಲ್ ಮರದ ರಸ ಕುದಿಸಿ ಮಾಡುವ ಪಾಕ. ಬೇರೆ ಕಡೆ ಇದಕ್ಕೆ ಬ್ರೇಕ್‌ಫಾಸ್ಟ್ ಕ್ಯಾಸರೋಲ್ ಅಂತಾರಂತೆ. ಇಲ್ಲಿ ಊಟಕ್ಕೆ ಮಾಡಿದರೆ ಹಾಟ್‌ಡಿಶ್, ಬೆಳಗಿನ ತಿಂಡಿಗೆ ಮೊಟ್ಟೆ ಹಾಕಿ ಮಾಡಿದರೆ ಎಗ್ ಬೇಕ್.

ಬಾಯಿಗಿಟ್ಟ ಕೂಡಲೇ ನೆನಪಾಗಿದ್ದು ಚೌಚೌ ಬಾತ್. ಚಿಕ್ಕವಳಿದ್ದಾಗ ಅಪ್ಪ ಹೋಟೆಲಿಗೆ ಕರೆದುಕೊಂಡು ಹೋದರೆ ನಾನು ಖಾರಾಬಾತು-ಕೇಸರಿಬಾತು ಒಂದಕ್ಕೊಂದು ತಾಗಿರುವ ಜಾಗವನ್ನೇ ಮೊದಲು ತಿನ್ನುತ್ತಿದ್ದೆ. ಅಲ್ಲಿ ಒಂದು ಚಮಚ ಸಿಕ್ಕರೆ ಬೆಳಗು ಸಾರ್ಥಕ. ಅಜ್ಜಿಯ ಎಗ್ ಬೇಕ್ ಪೂರ್ತಿ ಆ ಗಡಿಯ ರುಚಿಯೇ.

ಅವರನ್ನೇ ಕೇಳಬಹುದಿತ್ತು. ಕೇಳಿದೆ. "ಕೈಯಳತೆ ಕಣಮ್ಮಾ" ಎನ್ನುವ ಅರ್ಥದ ಉತ್ತರ ಬಂತು. ನಮ್ಮಮ್ಮನೂ ಅಷ್ಟೇ.

ಹೋದ ಭಾನುವಾರ ಪ್ರಯೋಗ ಮಾಡಿದೆ. 9×13 ಇಂಚಿನ ಗಾಜಿನ ಡಿಶ್. ಆವತ್ತೇ ತಂದ ಮೆತ್ತನೆ ಬ್ರಿಯೋಶ್ ಬ್ರೆಡ್ ಒಂದು. 12 ಮೊಟ್ಟೆ, 4 ಕಪ್ ಹಾಲು, ಅದಕ್ಕೇ ಅರ್ಧ ಕಪ್ ಮೇಪಲ್ ಸಿರಪ್ ಸುರಿದು ಕಲಕಿದೆ. ಎರಡು ಹಸಿ ಸೇಬು, ಒಂದು ಡಬ್ಬಿ ಹಸಿ ಅಣಬೆ, ಪ್ಯಾಕೆಟ್‌ನಲ್ಲಿ ತುರಿದೇ ಬರುವ ಚೆಡ್ಡಾರ್ ಚೀಸ್. ಮೇಲೆ ಫಾಯಿಲ್ ಮುಚ್ಚಿ 350 ಡಿಗ್ರಿಯಲ್ಲಿ (ಇಲ್ಲಿನ ಓವನ್ ಲೆಕ್ಕವೆಲ್ಲ ಫ್ಯಾರನ್‌ಹೀಟ್) 50 ನಿಮಿಷ. ತೆಗೆದರೆ ಮಧ್ಯೆ ಅಲ್ಲಾಡುತ್ತಿದೆ. ಇನ್ನೂ 25 ನಿಮಿಷ ಇಟ್ಟೆ. ಅಂಚು ರಬ್ಬರ್ ಆಯಿತು, ಅಡಿಯಲ್ಲಿ ನೀರು, ಮಧ್ಯೆ ಗೊಜ್ಜು. ರುಚಿ ಹೇಗಿತ್ತೆಂದರೆ, ಜ್ವರ ಬಂದವರಿಗೆ ಕೊಡುವ ಹಾಲು-ಬ್ರೆಡ್‌ಗೆ ಯಾರೋ ಮರೆತು ಉಪ್ಪು ಹಾಕಿದ ಹಾಗೆ. ನಮ್ಮವರು ಸುಮ್ನೆ ತಿಂದರು. ಆಮೇಲೆ "ಮೊಸರನ್ನ ಇದ್ಯಾ?" ಅಂತ ಕೇಳಿದರು.

ಬರುವವರಲ್ಲಿ ಮಾಂಸ ತಿನ್ನುವವರು ಐದು, ಮೊಟ್ಟೆವರೆಗೆ ಬರುವವರು ಆರು. ಮೊಟ್ಟೆಯೂ ಬೇಡ ಎನ್ನುವವರು ಒಬ್ಬರು, ಊರಿಂದ ಬಂದಿರುವ ನಮ್ಮ ಅತ್ತೆ. ಸೇಬಿನ ತೋಟಕ್ಕೆ ಹೋಗಿ ಹನಿಕ್ರಿಸ್ಪ್ ಒಂದು ಚೀಲ ತಂದಿಟ್ಟಿದ್ದೇನೆ. ಎಲ್ಲಿ ತಪ್ಪಿದೆ ಹೇಳಿ.

ಕಾಫಿಡಬರಿ:

ತಂಗೀ, ತಪ್ಪಿದ್ದು ಎಲ್ಲಿ ಅಂತ ಕೇಳಿದ್ದೀರಿ. ತಪ್ಪದೇ ಇದ್ದಿದ್ದು ಓವನ್ನಿನ ಉರಿ ಒಂದೇ. ಬೇಜಾರು ಮಾಡಿಕೊಳ್ಳಬೇಡಿ, ನನ್ನ ಮೊದಲನೆಯದೂ ಕಸದ ಬುಟ್ಟಿಗೇ ಹೋಗಿದ್ದು. ನಾನು ಮಿಷಿಗನ್‌ಗೆ ಬಂದು 22 ವರ್ಷ. ಅದರಲ್ಲಿ ಹದಿನೈದು ವರ್ಷ ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಇಂಥ ಟ್ರೇಗಳು ಎಷ್ಟು ಕೈದಾಟಿವೆಯೋ ಲೆಕ್ಕ ಇಟ್ಟಿಲ್ಲ.

ಮೊದಲು ನೀರಿನ ಲೆಕ್ಕ. ಇಲ್ಲಿನ ದೊಡ್ಡ ಮೊಟ್ಟೆ ಒಂದರಲ್ಲಿ ಚಿಪ್ಪು ಬಿಟ್ಟು ಸುಮಾರು 50 ಗ್ರಾಂ. ಹನ್ನೆರಡಕ್ಕೆ 600. ನಾಲ್ಕು ಕಪ್ ಹಾಲು 960 ಮಿಲಿ. ಒಂದೂವರೆ ಲೀಟರ್ ಆಯಿತು. ಅದರ ಮೇಲೆ ಸಿರಪ್, ಸೇಬಿನ ನೀರು, ಅಣಬೆಯ ನೀರು. ಹಸಿ ಅಣಬೆ ಅಂದರೆ ಮುಕ್ಕಾಲುಪಾಲು ನೀರಿಗಿಂತ ಜಾಸ್ತಿ. ಇದನ್ನೆಲ್ಲ ಕುಡಿಯಬೇಕಾದ ಬ್ರೆಡ್ಡು ಆಗಲೇ ಮೆತ್ತಗಿತ್ತು. ಹೊಟ್ಟೆ ತುಂಬಿದವರಿಗೆ ಬಡಿಸಿದ ಹಾಗೆ.

9×13 ಟ್ರೇಗೆ ನನ್ನ ಅಳತೆ: 450 ಗ್ರಾಂ ಬ್ರೆಡ್, 8 ಮೊಟ್ಟೆ, 3 ಕಪ್ ಹಾಲು, 225 ಗ್ರಾಂ ಚೀಸ್, ಒಂದು ಚಮಚಕ್ಕೆ ಸ್ವಲ್ಪ ಕಡಿಮೆ ಉಪ್ಪು, ಕಾಳುಮೆಣಸಿನ ಪುಡಿ, ಒಂದು ಚಮಚ ಸಾಸಿವೆ ಪೇಸ್ಟ್, ಚಿಟಿಕೆ ಜಾಯಿಕಾಯಿ. ಬ್ರೆಡ್‌ಗೆ ಖಾಲಾ (ಯಹೂದಿಗಳು ಮಾಡುವ ಜಡೆ ಹೆಣೆದ ಬ್ರೆಡ್) ಅಥವಾ ಬ್ರಿಯೋಶ್ ಚೆನ್ನಾಗಿರುತ್ತದೆ. ಆದರೆ ಇಂಚಿನ ತುಂಡು ಮಾಡಿ 300 ಡಿಗ್ರಿಯಲ್ಲಿ ಹದಿನೈದು ನಿಮಿಷ ಒಣಗಿಸಿ. ಬಣ್ಣ ಬರಬಾರದು, ರಸ್ಕಿನ ಹಾಗೆ ಗಟ್ಟಿಯೂ ಆಗಬಾರದು. ಮುಟ್ಟಿದರೆ ಹೊರಗೆ ಗರಗರ, ಅದುಮಿದರೆ ಒಳಗೆ ಸ್ವಲ್ಪ ಮೆತ್ತಗೆ. ಅಲ್ಲಿಗೆ ಸಾಕು.

ಇನ್ನು ನಿಮ್ಮ ಮುಖ್ಯ ತಪ್ಪು. ಸಿರಪ್ಪನ್ನು ಹಾಲು-ಮೊಟ್ಟೆಗೆ ಕಲಕಿದ್ದು. ಸಕ್ಕರೆ ಜಾಸ್ತಿ ಇದ್ದರೆ ಮೊಟ್ಟೆ ಗಟ್ಟಿಯಾಗಲು ಇನ್ನೂ ಹೆಚ್ಚು ಬಿಸಿ ಕೇಳುತ್ತದೆ. ಅದಕ್ಕೇ ನಿಮ್ಮ ನಡುಭಾಗ ಅಲ್ಲಾಡಿದ್ದು. ನೀವು ಇನ್ನೂ 25 ನಿಮಿಷ ಇಟ್ಟಿರಿ, ಅಷ್ಟರಲ್ಲಿ ಅಂಚು ಅತಿಯಾಗಿ ಬೆಂದು ನೀರು ಬಿಟ್ಟಿತು. ರುಚಿಯ ಗೋಳೂ ಅಲ್ಲಿಂದಲೇ. ಚೌಚೌ ಬಾತ್ ಬಗ್ಗೆ ನೀವೇ ಎಷ್ಟು ಚೆಂದ ಬರೆದಿದ್ದೀರಿ! ಹೋಟೆಲಿನವನು ಎರಡನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಕೊಡುತ್ತಾನಾ? ಎರಡು ಬಟ್ಟಲು ಪಕ್ಕಪಕ್ಕ ಕವುಚುತ್ತಾನೆ. ಸಿಹಿ-ಖಾರ ಒಂದಕ್ಕೊಂದು ತಾಗಬೇಕು, ಬೆರೆಯಬಾರದು. ಬೆರೆತರೆ ಗಡಿಯೇ ಇರುವುದಿಲ್ಲ.

ಹಾಗಾಗಿ ಹಾಲು-ಮೊಟ್ಟೆಗೆ ಒಂದು ಹನಿ ಸಿಹಿಯೂ ಬೇಡ. ಅದು ಪೂರ್ತಿ ಖಾರದ ಕಡೆಯದು. ಸಿಹಿ ಸೇಬಿನಲ್ಲಿರಲಿ. ಹನಿಕ್ರಿಸ್ಪ್ ನಿಮ್ಮ ಊರಿನದೇ ಹಣ್ಣು, ಮಿನೆಸೋಟಾ ವಿಶ್ವವಿದ್ಯಾಲಯದವರು ಬೆಳೆಸಿ 1991ರಲ್ಲಿ ಹೊರತಂದ ತಳಿ. ಬೆಂದರೂ ಆಕಾರ ಬಿಡುವುದಿಲ್ಲ. ಎರಡು ಹಣ್ಣನ್ನು ದಪ್ಪ ತುಂಡು ಮಾಡಿ, ಬೆಣ್ಣೆಯಲ್ಲಿ ಅಂಚು ಕೆಂಪಾಗುವಷ್ಟು ಬಾಡಿಸಿ. ಕೊನೆಗೆ ಎರಡು ದೊಡ್ಡ ಚಮಚ ಸಿರಪ್, ಚಿಟಿಕೆ ಉಪ್ಪು. ಅದು ಅಂಟಂಟಾಗಿ ಹಣ್ಣಿಗೆ ಮೆತ್ತಿಕೊಳ್ಳಬೇಕು. ಖಾರದ ಕಡೆಗೆ ಎರಡು ದೊಡ್ಡ ಈರುಳ್ಳಿ, ಸಣ್ಣ ಉರಿಯಲ್ಲಿ ಬೆಲ್ಲದ ಬಣ್ಣ ಬರುವ ತನಕ. 40 ನಿಮಿಷ ಬೇಕು. ಹತ್ತೇ ನಿಮಿಷದಲ್ಲಿ ಆಗುತ್ತದೆ ಎಂದು ಬರೆಯುವವರು ಈರುಳ್ಳಿ ಬಾಡಿಸಿದವರಲ್ಲ. ಅಣಬೆ ಬೇಕೇ ಬೇಕೆಂದರೆ ಮೊದಲು ಬಾಣಲೆಯಲ್ಲಿ ನೀರು ಪೂರ್ತಿ ಇಂಗಿಸಿ.

ಚೀಸ್ ಗಟ್ಟಿ ತಂದು ಮನೆಯಲ್ಲೇ ತುರಿಯಿರಿ. ಪ್ಯಾಕೆಟ್ ತುರಿ ಅಂಟದಿರಲೆಂದು ಪಿಷ್ಟದ ಪುಡಿ ಹಾಕಿರುತ್ತಾರೆ, ನಯವಾಗಿ ಕರಗುವುದಿಲ್ಲ. ಹೆಚ್ಚು ಹುಳಿಯಾದ ಹಳೇ ಚೆಡ್ಡಾರ್ ತೆಗೆದುಕೊಳ್ಳಿ. ಸೇಬಿನ ಸಿಹಿಗೆ ಎದುರು ನಿಲ್ಲಲು ಅದಕ್ಕೇ ಗಂಟಲಿದೆ.

ಮಾಂಸದ ವಿಷಯ. ಒಂದೇ ಟ್ರೇನಲ್ಲಿ ಅರ್ಧ-ಅರ್ಧ ಮಾಡಬೇಡಿ. ಸಾಸೇಜಿನ ಕೊಬ್ಬು ಆ ಕಡೆಗೂ ಹರಿಯುತ್ತದೆ. 8 ಇಂಚಿನ ಚೌಕ ಟ್ರೇ ಎರಡು ತೆಗೆದುಕೊಳ್ಳಿ. 9×13 ಅಂದರೆ 117 ಚದರ ಇಂಚು, ಎಂಟರ ಚೌಕ ಎರಡು ಸೇರಿ 128. ಇದೇ ಅಳತೆ ಎರಡಕ್ಕೂ ಸರಿಯಾಗಿ ಕೂರುತ್ತದೆ. ಒಂದಕ್ಕೆ ಅಂಗಡಿಯಲ್ಲಿ ಸಿಗುವ ಚಿಕನ್-ಆ್ಯಪಲ್ ಸಾಸೇಜ್ ಹುರಿದು ಹಾಕಿ. ಹಸಿಯಾಗಿ ಹಾಕಬೇಡಿ.

ಶನಿವಾರ ರಾತ್ರಿಯೇ ಜೋಡಿಸಿ ಫ್ರಿಜ್‌ನಲ್ಲಿಡಿ. ಭಾನುವಾರ ತಲೆಬಿಸಿ ಇಲ್ಲ, ಬ್ರೆಡ್ಡೂ ಚೆನ್ನಾಗಿ ಹೀರಿಕೊಂಡಿರುತ್ತದೆ. ಆದರೆ ತಣ್ಣಗಿನ ಗಾಜಿನ ಡಿಶ್ಶನ್ನು ಫ್ರಿಜ್‌ನಿಂದ ತೆಗೆದು ಸೀದಾ ಬಿಸಿ ಓವನ್‌ಗೆ ಇಡಬೇಡಿ, ಗಾಜು ಸಿಡಿಯಬಹುದು. ನನಗೆ ಒಮ್ಮೆ ಆಗಿದೆ, ಕ್ರಿಸ್‌ಮಸ್ ಬೆಳಿಗ್ಗೆ. ಮಕ್ಕಳು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಲೋಹದ ಟ್ರೇ ಆದರೆ ಆ ಭಯವಿಲ್ಲ.

350ರಲ್ಲಿ ಮೊದಲ 25 ನಿಮಿಷ ಫಾಯಿಲ್ ಮುಚ್ಚಿ, ಆಮೇಲೆ ತೆಗೆದು ಇನ್ನೂ 20-25. ಕೊನೆತನಕ ಮುಚ್ಚಿದ್ದರಿಂದಲೇ ನಿಮ್ಮದು ಆವಿಯಲ್ಲಿ ಬೆಂದಿದ್ದು, ಮೇಲೆ ಬಣ್ಣ ಬರಲಿಲ್ಲ. ಮಧ್ಯಕ್ಕೆ ಥರ್ಮಾಮೀಟರ್ ಚುಚ್ಚಿದರೆ 160 ಡಿಗ್ರಿ ತೋರಿಸಬೇಕು, ಚಿಕನ್ ಇರುವುದಕ್ಕೆ 165. ಪೂರಿಯ ಹಾಗೆ ಉಬ್ಬಿರುತ್ತದೆ, ಹೊರಗಿಟ್ಟರೆ ಇಳಿಯುತ್ತದೆ. ಗಾಬರಿ ಬೇಡ. ಹತ್ತು-ಹದಿನೈದು ನಿಮಿಷ ಮುಟ್ಟಬೇಡಿ.

ಸಿರಪ್ ಬಿಸಿ ಮಾಡಿ ಪಕ್ಕದಲ್ಲಿಡಿ, ಅವರವರೇ ಹಾಕಿಕೊಳ್ಳಲಿ. ಬಾಟಲಿ ಮೇಲೆ ಗ್ರೇಡ್ ಎ, ಡಾರ್ಕ್ ಎಂದಿರುವುದನ್ನು ತನ್ನಿ. ಪ್ಯಾನ್‌ಕೇಕ್ ಸಿರಪ್ ಎಂದಷ್ಟೇ ಬರೆದಿದ್ದರೆ ಅದು ಸಾಮಾನ್ಯವಾಗಿ ಜೋಳದ ಸಿರಪ್ಪಿಗೆ ಪರಿಮಳ ಹಾಕಿದ್ದು. ನಿಮ್ಮ ಅಜ್ಜನ ಮುಂದೆ ಅದನ್ನು ಇಟ್ಟೀರಿ ಮತ್ತೆ!

ಗಾಂಧಿಬಜಾರ್ ತಾತ:

ಹನ್ನೆರಡು ಜನಕ್ಕೆ ಇಷ್ಟೊಂದು ಲೆಕ್ಕ, ಥರ್ಮಾಮೀಟರು, ಚದರ ಇಂಚು. ಒಂದು ದೊಡ್ಡ ಬಾಣಲೆ ಉಪ್ಪಿಟ್ಟು ಕೆದಕಿದರೆ ಇಪ್ಪತ್ತು ನಿಮಿಷದಲ್ಲಿ ಎಲ್ಲರ ಹೊಟ್ಟೆ ತುಂಬುತ್ತದೆ. ಪಕ್ಕಕ್ಕೆ ಕೇಸರಿಬಾತು. ಆಯಿತಲ್ಲ ನಿಮ್ಮ ಸಿಹಿ-ಖಾರ.

ಹಿಮದೂರಿನವಳು:

ತಾತಾ, ಅದೂ ಆಗಿದೆ. ಹೋದ ವರ್ಷ ಅಜ್ಜನಿಗೆ ಉಪ್ಪಿಟ್ಟು ಕೊಟ್ಟೆ. "ಓ, ಕ್ರೀಮ್ ಆಫ್ ವೀಟ್!" (ಇಲ್ಲಿನವರ ರವೆ ಗಂಜಿ) ಎಂದು ಖುಷಿಯಾಗಿ ಅದರ ಮೇಲೆ ಕಂದು ಸಕ್ಕರೆ, ಬೆಣ್ಣೆ ಹಾಕಿಕೊಂಡು ತಿಂದರು. ಹಸಿಮೆಣಸಿನಕಾಯಿ ಸಿಕ್ಕಾಗ ಮಾತ್ರ ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡುತ್ತಿದ್ದರು.

ಕಾಫಿಡಬರಿ ಅಕ್ಕಾ, ನಿಮಗೆ ದೊಡ್ಡ ನಮಸ್ಕಾರ. ಲೋಹದ ಟ್ರೇ ಎರಡು ತಂದೆ. ಅತ್ತೆಗೆ ಏನು ಮಾಡಲಿ? "ನಂಗೆ ಬೇಡ, ನಾನು ಅವಲಕ್ಕಿ ತಿಂತೀನಿ" ಅಂತಿದ್ದಾರೆ. ಆದರೆ ಎಲ್ಲರೂ ಒಂದೇ ತರಹದ್ದು ತಿನ್ನುವಾಗ ಅವರೊಬ್ಬರೇ ಮೂಲೆಯಲ್ಲಿ ಅವಲಕ್ಕಿ ತಿನ್ನುವುದು ನನಗೆ ಸರಿ ಕಾಣುವುದಿಲ್ಲ.

ಒಟಿಜಿ ರಾಣಿ:

ನಾನು ಬೆಂಗಳೂರಿನವಳು. ನಮ್ಮ ಮನೆಯಲ್ಲಿ ಮೊಟ್ಟೆ ತರುವ ಹಾಗಿಲ್ಲ, ನನ್ನ ಮಗನಿಗೆ ಇಂಥದ್ದೆಲ್ಲ ಬೇಕು. ಅದಕ್ಕೆ ನಾನೇ ಒಂದು ದಾರಿ ಮಾಡಿಕೊಂಡಿದ್ದೇನೆ.

ಬೆಣ್ಣೆಯಲ್ಲಿ ಎರಡು ದೊಡ್ಡ ಚಮಚ ಕಡಲೆಹಿಟ್ಟು ಘಮ್ಮೆನ್ನುವ ತನಕ ಹುರಿಯಿರಿ. ಹಸಿ ವಾಸನೆ ಉಳಿದರೆ ಎಲ್ಲ ಬಜ್ಜಿ ಹಿಟ್ಟಿನ ರುಚಿ ಬರುತ್ತದೆ. ಒಂದು ಚಮಚ ಕಾರ್ನ್‌ಫ್ಲೋರನ್ನು 300 ಮಿಲಿ ತಣ್ಣನೆ ಹಾಲಿಗೆ ಕದಡಿ, ಸ್ವಲ್ಪಸ್ವಲ್ಪವೇ ಹಾಕಿ ಕಲಕಿ. ಮಜ್ಜಿಗೆಹುಳಿಯಷ್ಟು ತೆಳ್ಳಗಿರುವಾಗಲೇ ಇಳಿಸಿ. ಉಪ್ಪು, ಮೆಣಸು, ಬಣ್ಣಕ್ಕೆ ಚಿಟಿಕೆ ಅರಿಶಿನ. ಇದನ್ನು 150 ಗ್ರಾಂ ಒಣಗಿಸಿದ ಬ್ರೆಡ್ ಮೇಲೆ ಸುರಿದು, ಈರುಳ್ಳಿ, ಸೇಬು, ಚೀಸ್ ಹಾಕಿ ಸಣ್ಣ ಕೇಕ್ ಟಿನ್‌ನಲ್ಲಿ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ. ಮೊಟ್ಟೆಯದರ ಹಾಗೆ ಉಬ್ಬುವುದಿಲ್ಲ. ಚಮಚದಲ್ಲಿ ತೆಗೆದು ತಿನ್ನುವ ಹದ. ನಾನು ಅಯ್ಯಂಗಾರ್ ಬೇಕರಿ ಬ್ರೆಡ್ಡನ್ನು ಫ್ಯಾನ್ ಕೆಳಗೆ ರಾತ್ರಿಯಿಡೀ ಹರಡಿ ಒಣಗಿಸುತ್ತೇನೆ.

ಕಪ್ಪು ಉಪ್ಪು ಹಾಕಿದರೆ ಮೊಟ್ಟೆಯ ವಾಸನೆ ಬರುತ್ತದೆ ಎಂದು ಕೆಲವರು ಹೇಳುತ್ತಾರೆ. ನಿಮ್ಮ ಅತ್ತೆಗೆ ಬೇಡದಿರುವುದೇ ಅದು ತಾನೇ? ಹಾಕಬೇಡಿ. ಬ್ರೆಡ್ಡನ್ನೂ ನೋಡಿಕೊಳ್ಳಿ. ಖಾಲಾ, ಬ್ರಿಯೋಶ್ ಎರಡರಲ್ಲೂ ಮೊಟ್ಟೆ ಇರುತ್ತದೆ. ಚೀಸನ್ನೂ ಅಷ್ಟೆ. ಕೆಲವಕ್ಕೆ ಕರುವಿನ ಹೊಟ್ಟೆಯ ರೆನೆಟ್ ಹಾಕಿ ಹಾಲು ಒಡೆಸಿರುತ್ತಾರೆ. ಲೇಬಲ್‌ನಲ್ಲಿ ವೆಜಿಟೇರಿಯನ್ ಅಥವಾ ಮೈಕ್ರೋಬಿಯಲ್ ರೆನೆಟ್ ಎಂದಿರುವುದು ತನ್ನಿ.

ಶಿರಸಿ ಕಡೆಯವ:

ಅಡುಗೆ ನನ್ನ ಕ್ಷೇತ್ರ ಅಲ್ಲ, ತಿನ್ನುವುದು ನನ್ನ ಕ್ಷೇತ್ರ. ಒಂದೇ ಮಾತು. ಮೇಪಲ್ ಸಿರಪ್ ಪಕ್ಕದಲ್ಲಿ ಒಂದು ಬಟ್ಟಲು ಜೋನಿ ಬೆಲ್ಲವನ್ನೂ ಇಡಿ. ನಮ್ಮ ಕಡೆ ದೋಸೆಗೆ ಹಾಕಿಕೊಳ್ಳುವುದೇ ಅದು. ಅದಕ್ಕಿರುವ ಸಣ್ಣ ಉಪ್ಪುಪ್ಪು ರುಚಿ ಚೀಸ್ ಜೊತೆ ಚೆನ್ನಾಗಿ ಹೋಗುತ್ತದೆ. ಆದರೆ ಹಾಲಿಗೆ ಮಾತ್ರ ಹಾಕಬೇಡಿ. ಬಿಸಿ ಹಾಲಿಗೆ ಬೆಲ್ಲ ಬಿದ್ದು ಪಾಯಸ ಒಡೆದದ್ದನ್ನು ನೋಡದ ಮನೆ ಯಾವುದಿದೆ? ಮೇಲೆ ಹಾಕಿಕೊಳ್ಳುವುದಕ್ಕಷ್ಟೇ.

ಹಿಮದೂರಿನವಳು:

ಆಯಿತು! ವರದಿ ಒಪ್ಪಿಸಲು ಬಂದಿದ್ದೇನೆ.

ಶನಿವಾರ ರಾತ್ರಿ ಈರುಳ್ಳಿ ಹುರಿಯಲು ನಿಂತೆ. ಅಕ್ಕಾ, 40 ಅಲ್ಲ, ನನಗೆ 55 ನಿಮಿಷ ಹಿಡಿಯಿತು. ಅತ್ತೆ ಬಂದು ಎರಡು ಸಲ ಇಣುಕಿ "ಇಷ್ಟು ಹೊತ್ತಿಗೆ ಒಂದು ಹಬ್ಬದ ಅಡುಗೆ ಆಗ್ತಿತ್ತು" ಎಂದರು. ಸೇಬು ಬಾಡಿಸಿದ್ದರಲ್ಲಿ ಕಾಲುಭಾಗ ನಾನು ಮತ್ತು ಮಗಳು ಬಾಣಲೆಯಿಂದಲೇ ಖಾಲಿ ಮಾಡಿದೆವು. ಇನ್ನೊಂದು ಹಣ್ಣು ಹೆಚ್ಚಬೇಕಾಯಿತು.

ಜೋಡಿಸುವಾಗ ಅರ್ಧ ಬ್ರೆಡ್, ಈರುಳ್ಳಿ, ಅರ್ಧ ಚೀಸ್, ಮತ್ತೆ ಬ್ರೆಡ್. ಸೇಬನ್ನು ಎಲ್ಲ ಕಡೆ ಹರಡದೆ ಅಲ್ಲಲ್ಲಿ ಗುಂಪಾಗಿ ಹುದುಗಿಸಿದೆ. ಸಿಕ್ಕ ಕಡೆ ಸಿಗಲಿ ಅಂತ. ಬೆಳಿಗ್ಗೆ ನೋಡಿದರೆ ಟ್ರೇನಲ್ಲಿ ಹಾಲೇ ಕಾಣುತ್ತಿರಲಿಲ್ಲ, ಪೂರ್ತಿ ಹೀರಿಕೊಂಡಿತ್ತು.

ಒಂದು ಎಡವಟ್ಟು ಆಯಿತು. ಎರಡು ಟ್ರೇ, ಜೊತೆಗೆ ಅತ್ತೆಯ ಟಿನ್, ಮೂರನ್ನೂ ಒಟ್ಟಿಗೆ ಓವನ್‌ಗೆ ತುಂಬಿದೆ. 50 ನಿಮಿಷಕ್ಕೆ ಕೆಳಗಿನ ಟ್ರೇಯಲ್ಲಿ ಇನ್ನೂ 140 ತೋರಿಸುತ್ತಿತ್ತು. ಬೆಲ್ ಆಯಿತು, ಅಜ್ಜ-ಅಜ್ಜಿ ಸರಿಯಾಗಿ ಹನ್ನೊಂದಕ್ಕೆ ಬಾಗಿಲಲ್ಲಿ. ನಮ್ಮವರೆಲ್ಲ ಹನ್ನೊಂದೂವರೆಗೆ ಬರುತ್ತಾರೆ ಎನ್ನುವ ಧೈರ್ಯದಲ್ಲಿ ಟ್ರೇಗಳನ್ನು ಮೇಲೆ ಕೆಳಗೆ ಬದಲಾಯಿಸಿದೆ. ಇನ್ನೂ ಹದಿನಾಲ್ಕು ನಿಮಿಷ ಬೇಕಾಯಿತು. ಅಜ್ಜಿ ಅಡುಗೆಮನೆಗೆ ಬಂದು ಓವನ್ ದೀಪ ಹಾಕಿ ನೋಡಿದರು. ಏನೂ ಹೇಳಲಿಲ್ಲ. ನನ್ನ ಬೆನ್ನು ತಟ್ಟಿ ಕಾಫಿ ತೆಗೆದುಕೊಂಡು ಹೋದರು.

ಕತ್ತರಿಸಿದಾಗ ಚೌಕ ಚೌಕವಾಗಿ ನಿಂತಿತು. ಅಡಿಯಲ್ಲಿ ನೀರಿಲ್ಲ! ಮೇಲೆ ಗರಿಗರಿ, ಒಳಗೆ ಮೆತ್ತಗೆ. ಚೀಸ್, ಈರುಳ್ಳಿ, ಮೆಣಸು ಎಂದು ತಿನ್ನುತ್ತಾ ಹೋದರೆ ಇದ್ದಕ್ಕಿದ್ದಂತೆ ಒಂದು ಸೇಬು. ಅಲ್ಲಿ ಸಿಕ್ಕಿತು ನೋಡಿ ನನ್ನ ಗಡಿ. ಮೂಲೆ ತುಂಡಿಗೆ ಮಕ್ಕಳ ಜಗಳ. ಎರಡು ಚೌಕ ಟ್ರೇ ಅಂದರೆ ಎಂಟು ಮೂಲೆ ಅಂತ ಆಗಲೇ ಹೊಳೆದಿದ್ದು.

ಅತ್ತೆಯದನ್ನು ಒಟಿಜಿ ರಾಣಿಯವರ ಅಳತೆಯಲ್ಲೇ ಮಾಡಿದೆ, ಮಾಮೂಲಿ ಗೋಧಿ ಬ್ರೆಡ್‌ನಲ್ಲಿ. ಒಂದು ಚಮಚ ತಿಂದು ಎದ್ದು ಹೋದರು. ಇಷ್ಟವಾಗಲಿಲ್ಲವೇನೋ ಎಂದುಕೊಂಡೆ. ಚಟ್ನಿಪುಡಿ ಡಬ್ಬಿ ತಂದು ಕೂತರು. ಆಮೇಲೆ ನೋಡಿದರೆ ಪಕ್ಕದ ಮನೆ ಅಜ್ಜಿಯ ತಟ್ಟೆಯಲ್ಲೂ ಚಟ್ನಿಪುಡಿ. ಇಬ್ಬರಿಗೂ ಭಾಷೆ ಬರುವುದಿಲ್ಲ, ಡಬ್ಬಿ ಮಾತ್ರ ಆ ಕಡೆ ಈ ಕಡೆ ಓಡಾಡುತ್ತಿತ್ತು.

ಶಿರಸಿ ಕಡೆಯವರೇ, ಜೋನಿ ಬೆಲ್ಲ ಅತ್ತೆ ತಂದಿದ್ದು ಮನೆಯಲ್ಲೇ ಇತ್ತು. ಅಜ್ಜ ಎರಡು ಸಲ ಹಾಕಿಸಿಕೊಂಡರು. ಚಿಕ್ಕಂದಿನಲ್ಲಿ ಅವರ ತೋಟದಲ್ಲಿ ಮೇಪಲ್ ಮರಕ್ಕೆ ಬಕೆಟ್ ಕಟ್ಟುತ್ತಿದ್ದರಂತೆ. ಸುಮಾರು 40 ಗ್ಯಾಲನ್ ರಸ ಕುದಿಸಿದರೆ ಒಂದು ಗ್ಯಾಲನ್ ಸಿರಪ್, ಮಾರ್ಚ್ ತಿಂಗಳಿಡೀ ಅದೇ ಕೆಲಸ ಎಂದು ಹೇಳುತ್ತಿದ್ದರು. ಹೇಳುತ್ತಲೇ ಬಟ್ಟಲನ್ನು ಬೆಳಕಿಗೆ ಹಿಡಿದು "ಇದು ಯಾವ ಮರದ್ದು?" ಎಂದರು. ಕಬ್ಬು ಮರ ಅಲ್ಲ, ಹುಲ್ಲಿನ ಜಾತಿ ಎಂದು ಹೇಳಿದೆ. ನಂಬಿದ ಹಾಗೆ ಕಾಣಲಿಲ್ಲ.

ಮೊಟ್ಟೆಯ ಟ್ರೇಯಲ್ಲಿ ಮೂರು ತುಂಡು ಉಳಿದಿದೆ. ಫ್ರೀಜ್ ಮಾಡಬಹುದಾ ಅಕ್ಕಾ?

ಕಾಫಿಡಬರಿ:

ಧಾರಾಳವಾಗಿ. ಮೇಜಿನ ಮೇಲೆ ಎರಡು ಗಂಟೆಗಿಂತ ಜಾಸ್ತಿ ಕೂತಿರದಿದ್ದರೆ ಮಾತ್ರ. ಒಂದೊಂದೇ ತುಂಡು ಬಿಗಿಯಾಗಿ ಸುತ್ತಿ ಇಡಿ. ಫ್ರಿಜ್‌ನಲ್ಲಾದರೆ ಮೂರ್ನಾಲ್ಕು ದಿನ. ಬಿಸಿ ಮಾಡುವಾಗ ಮೈಕ್ರೋವೇವ್ ಬೇಡ, ಮತ್ತೆ ರಬ್ಬರ್ ಆಗುತ್ತದೆ. ಕಾವಲಿಯಲ್ಲಿ ಸ್ವಲ್ಪ ಬೆಣ್ಣೆ ಹಾಕಿ, ಸಣ್ಣ ಉರಿಯಲ್ಲಿ ಮುಚ್ಚಿಟ್ಟು, ಒಳಗಿನ ತನಕ ಚೆನ್ನಾಗಿ ಬಿಸಿಯಾಗುವಂತೆ ಎರಡೂ ಕಡೆ ಕೆಂಪಗೆ ಮಾಡಿ. ಇನ್ನು ಓವನ್‌ನೊಳಗೆ ಬಾಣಲೆ ಇಡಬೇಡಿ.

ಗಾಂಧಿಬಜಾರ್ ತಾತ:

ಕಡಲೆಹಿಟ್ಟಿನದು ಹೇಗಿತ್ತು ಅಂತ ಸರಿಯಾಗಿ ಬರೆದೇ ಇಲ್ಲವಲ್ಲಮ್ಮ. ನಮ್ಮನೆಯವಳು ಕೇಳುತ್ತಿದ್ದಾಳೆ.